11 ತಿಂಗಳಿಗೇ ಮುದುಕನಾದ ಪಿಕಪ್

ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ಇನ್ನೂ ತೆಗೆದಿಲ್ಲ ಮಾರಾಯ್ರೆ! ಶಿರಸಿಯಿಂದ ಅಡಿಕೆ ಮೂಟೆ ಹೇರಿಕೊಂಡು ದೇವಿಮನೆ ಘಟ್ಟ ಇಳಿದು ಹತ್ತಿದ್ದಷ್ಟೇ. ಮನೆಯ ಅಡಚಣೆಗೆ ಮಾರೋಣವೆಂದರೆ ದಲ್ಲಾಳಿ ಬಂದವನೇ ಬಾಗಿಲ ಅಡಿಗೆ ಬೆರಳು ಉಜ್ಜಿ, "ಕುಮಟೆ ಕಡೆ ಓಡಿದ್ದಾ? ಉಪ್ಪುಗಾಳಿ, ತುಕ್ಕು" ಅಂದ. ಅದು ತುಕ್ಕಲ್ಲ, ನಮ್ಮ ಅಂಗಳದ ಕೆಂಪು ಮಣ್ಣು!

ವಿಮೆಯ ಲೆಕ್ಕದಲ್ಲೂ ಆರು ತಿಂಗಳು ದಾಟಿ ವರ್ಷದೊಳಗಿನ ಗಾಡಿಗೆ ಸವಕಳಿ ಶೇ. 15. ಇವನದ್ದು ನೇರ ಮೂರರಲ್ಲೊಂದು ಪಾಲು ಕಡಿತ. ಕಟ್ಟಿದ ರೋಡ್ ಟ್ಯಾಕ್ಸು, ಹಾಕಿಸಿದ ತಾಡಪಾಲು ಯಾವುದೂ ಲೆಕ್ಕಕ್ಕಿಲ್ಲ. ಸಾಲ ತೀರಿಸಿ, ಸಾಲ ಕೊಟ್ಟವರಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ತನ್ನಿ ಅಂತಾನೆ. ಅವನು ಹೇಳಿದ ದುಡ್ಡಲ್ಲಿ ಸಾಲವೇ ತೀರೋದಿಲ್ಲ.

ಹೋದ ವರ್ಷ ನಾನು ಕೊಳ್ಳಲು ಹೋದಾಗ ಇದೇ ಪುಣ್ಯಾತ್ಮ ನಾಲ್ಕು ವರ್ಷದ ಗಾಡಿ ತೋರಿಸಿ, "ಹೊಸದೇ ಬಿಡಿ" ಅಂದಿದ್ದ.