ನದಿ ದಾಟೋದಕ್ಕೂ ಗ್ಯಾರಂಟಿಯಂತೆ!

ನಿನ್ನೆ ಸಂಜೆ ಭಾವನ ಜೊತೆ ಒಂದು ಟೂರ್ ಏಜೆನ್ಸಿಯವರ ಮೀಟಿಂಗಿಗೆ ಹೋಗಿದ್ದೆ. ಹೆಸರು ಬೇಡ ಬಿಡಿ. ಹೋಟೆಲ್ ಹಾಲು, ಬಿಸಿ ಬೋಂಡಾ, ಗೋಡೆ ಮೇಲೆ ಸ್ಲೈಡ್‌ಗಳಲ್ಲಿ ಕೀನ್ಯಾದ ವನ್ಯಧಾಮ ಮಸಾಯಿ ಮಾರಾ. ಟೂರಿನ ಮೂರನೇ ದಿನದ ಎದುರು ದಪ್ಪಕ್ಷರದಲ್ಲಿ ಹಾಕಿದ್ರು: ‘ಬೆಳಗ್ಗೆ 10ಕ್ಕೆ ರಿವರ್ ಕ್ರಾಸಿಂಗ್, ಗ್ಯಾರಂಟಿ’. ನಮ್ಮನೆ ನಲ್ಲಿ ನೀರೇ ಹತ್ತಕ್ಕೆ ಬರುತ್ತೆ ಅಂತ ಯಾರೂ ಬರೆದುಕೊಡಲ್ಲ, ಇವರು ನದಿ ದಾಟೋ ವೈಲ್ಡ್‌ಬೀಸ್ಟ್‌ಗಳ (ದನದಂಥ ದೊಡ್ಡ ಹುಲ್ಲೆಗಳು) ಪರವಾಗಿ ಬರೆದುಕೊಡ್ತಾರೆ!

ಹಾಲಲ್ಲಿದ್ದ ಒಬ್ಬರಾದ್ರೂ ‘ಅದು ಹೇಗೆ ಸ್ವಾಮಿ?’ ಅಂದ್ರಾ? ಇಲ್ಲ. ಕೇಳಿದ್ದು ಎರಡೇ ಪ್ರಶ್ನೆ: ಸಸ್ಯಾಹಾರ ಸಿಗುತ್ತಾ, ಮೊಸಳೆ ಕಾಣುತ್ತಾ.

ಹದಿಮೂರು ಲಕ್ಷದಷ್ಟು ವೈಲ್ಡ್‌ಬೀಸ್ಟ್, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ, ಗೆಜೆಲ್ ಅನ್ನೋ ಪುಟ್ಟ ಹುಲ್ಲೆ. ಮಳೆ ಬಿದ್ದು ಹುಲ್ಲು ಚಿಗುರಿದ ಕಡೆ ಅವು ನಡೀತವೆ, ಅಷ್ಟೆ. ತಾಂಜಾನಿಯಾದ ಸೆರೆಂಗೆಟಿಯಿಂದ ಕೀನ್ಯಾದ ಮಾರಾಕ್ಕೆ, ಅಲ್ಲಿಂದ ಮತ್ತೆ ದಕ್ಷಿಣಕ್ಕೆ, ವರ್ಷವಿಡೀ ಸುತ್ತು. ಮಾರಾ ನದಿ ದಾಟೋ ಕಾಲ ಸುಮಾರಾಗಿ ಜುಲೈಯಿಂದ ಅಕ್ಟೋಬರ್. ‘ಸುಮಾರಾಗಿ’ ಅಂದ್ರೆ ಸುಮಾರಾಗಿಯೇ. ಸಾವಿರಾರು ಪ್ರಾಣಿಗಳು ದಡಕ್ಕೆ ಬಂದು ಗಂಟೆಗಟ್ಟಲೆ ನಿಲ್ತವೆ, ಮುಂದಿನವು ನೀರಿಗೆ ಮೂತಿ ಚಾಚ್ತವೆ, ಹಿಂದಿನವು ತಳ್ತವೆ, ಯಾವುದೋ ಒಂದು ಬೆದರಿತು ಅಂತ ಇಡೀ ಹಿಂಡು ಧೂಳೆಬ್ಬಿಸ್ಕೊಂಡು ವಾಪಸ್. ಇವತ್ತು ಆಚೆ ಹೋದದ್ದು ನಾಳೆ ಈಚೆ ಬರೋದೂ ಉಂಟು. ಇದಕ್ಕೆ ಹತ್ತು ಗಂಟೆ ಅಂತ ಟೈಮ್ ಹಾಕೋರಿಗೆ ಏನನ್ನೋಣ?

ಸುಳ್ಳು ಹೇಳಿ ದುಡ್ಡು ಕಿತ್ಕೊಂಡ್ರೆ ಹೋಗ್ಲಿ, ಅದು ನಮ್ಮ ಜೇಬಿನ ಕಥೆ. ಆದ್ರೆ ಈ ಗ್ಯಾರಂಟಿಯ ಭಾರ ಕೊನೆಗೆ ಬೀಳೋದು ಜೀಪ್ ಡ್ರೈವರ್ ತಲೆ ಮೇಲೆ, ಅವನಿಂದ ಪ್ರಾಣಿಗಳ ಮೇಲೆ. 2025ರ ಜುಲೈನಲ್ಲಿ ಉತ್ತರ ಸೆರೆಂಗೆಟಿಯ ವಿಡಿಯೋ ನೋಡಿದ್ರಲ್ಲ? ಪ್ರವಾಸಿಗರು ಗಾಡಿಯಿಂದಿಳಿದು ದಡದಲ್ಲಿ ಗುಂಪುಗಟ್ಟಿದ್ರು, ಹಿಂಡಿಗೆ ಹೋಗೋಕೆ ದಾರಿಯೇ ಇಲ್ಲ. ಎಲ್ಲರ ಕೈಯಲ್ಲೂ ಫೋನ್. ಮೊದಲೇ ವರ್ಷಕ್ಕೆ ಸರಾಸರಿ 6,000ಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್ ಆ ನದಿಯಲ್ಲಿ ಮುಳುಗಿ ಸಾಯ್ತವೆ, ಹೆಣಗಳನ್ನ ಮೀನು, ರಣಹದ್ದು, ಮೊಸಳೆ ಹಂಚ್ಕೊಳ್ತವೆ. ಅದು ನದಿಯ ಲೆಕ್ಕ. ನಾವ್ಯಾಕೆ ಅಡ್ಡ ನಿಂತು ಅದಕ್ಕೆ ಇನ್ನಷ್ಟು ಸೇರಿಸ್ಬೇಕು?

ಭಾವ ಕಾರಲ್ಲಿ ಹೇಳಿದ್ರು, ‘ನೋಡಮ್ಮಾ, ಮಾರಾ ಎಂಟ್ರಿಗೇ ಜುಲೈಯಿಂದ ಡಿಸೆಂಬರ್‌ವರೆಗೆ ದಿನಕ್ಕೆ 200 ಡಾಲರ್. ಅಷ್ಟು ಕೊಟ್ಟು ಹೋದವನು ಕ್ರಾಸಿಂಗ್ ನೋಡ್ಬೇಕು ಅನ್ನೋದು ತಪ್ಪಾ?’ ಆಸೆ ತಪ್ಪಲ್ಲ ಭಾವ. ಆದ್ರೆ ಆ 200 ಡಾಲರ್ ಗೇಟ್ ದಾಟೋಕೆ, ಅದೂ ಹನ್ನೆರಡು ಗಂಟೆಗಳ ಅವಧಿಗೆ. ವೈಲ್ಡ್‌ಬೀಸ್ಟ್‌ಗೇನು ಸಂಬಳ ಹೋಗ್ತಿಲ್ಲ.

ನನ್ನ ಕೇಳಿದ್ರೆ ಫೆಬ್ರವರಿ. ಸೆರೆಂಗೆಟಿಯ ದಕ್ಷಿಣಕ್ಕೆ, ನ್ಡುಟು ಕಡೆ. ಹಳೇ ಜ್ವಾಲಾಮುಖಿಗಳ ಬೂದಿ ಬಿದ್ದ ಮಣ್ಣು, ಗಿಡ್ಡ ಹುಲ್ಲು, ಕಣ್ಣು ಹಾಯಿಸಿದಷ್ಟೂ ಬಯಲು. ಬಹುಪಾಲು ಮರಿಗಳು ಎರಡು ಮೂರು ವಾರದೊಳಗೇ ಹುಟ್ತವೆ. ಒದ್ದೆ ಮೈಯಲ್ಲೇ ತಡವರಿಸಿ ಎದ್ದು, ಬಿದ್ದು, ಮತ್ತೆ ಎದ್ದು, ಕೆಲವೇ ನಿಮಿಷದಲ್ಲಿ ಅಮ್ಮನ ಪಕ್ಕ ಓಡ್ತವೆ. ಓಡದಿದ್ರೆ ಅಲ್ಲಿನ ಕತ್ತೆಕಿರುಬಕ್ಕೆ ಹಬ್ಬ. ಫೆಬ್ರವರಿ ಅಂದ್ರೆ ಮನೆಯಲ್ಲಿ ‘ಪರೀಕ್ಷೆ ಟೈಮು, ಹುಚ್ಚಾ?’ ಅಂತಾರೆ. ಹೌದು, ಮಕ್ಕಳಿಗೆ ರಜೆ ಸಿಗೋದು ದಸರಾಕ್ಕೆ. ಸರಿ, ದಸರಾಕ್ಕೇ ಹೋಗೋಣ. ಆದ್ರೆ ಆ ಸ್ಲೈಡ್ ನಂಬಿ ಬೇಡ.

ಒಂದು ಗುಟ್ಟು ಹೇಳ್ಬಿಡ್ತೀನಿ: ಮೊಸಳೆ ಮರಿಯನ್ನ ಎಳ್ಕೊಂಡು ಹೋಗೋದನ್ನ ನಾನು ಟೀವಿಯಲ್ಲೂ ಪೂರ್ತಿ ನೋಡಿಲ್ಲ, ಎದ್ದು ಅಡುಗೆಮನೆಗೆ ಹೋಗ್ತೀನಿ. ನನ್ನ ವಾದದಲ್ಲಿ ಅದೂ ಸ್ವಲ್ಪ ಸೇರಿದೆ ಅಂತಿಟ್ಕೊಳ್ಳಿ.

ಭಾವ, ನೀವು ಇದನ್ನ ಓದ್ತೀರಿ ಅಂತ ಗೊತ್ತು. ಅಡ್ವಾನ್ಸ್ ಕಟ್ಟೋ ಮೊದಲು ಆ ಮನುಷ್ಯನ್ನ ಎರಡು ವಿಷಯ ಕೇಳಿ. ನದಿ ಹತ್ರ ಎಷ್ಟು ದಿನ ಇರ್ತೀವಿ, ಹಿಂಡು ದಡಕ್ಕೆ ಬಂದಾಗ ಗಾಡಿ ದೂರ ನಿಲ್ಲಿಸ್ತಾರಾ. ಯೆಲ್ಲೋ ಫೀವರ್ ಲಸಿಕೆ ಹೊರಡೋಕೆ ಹತ್ತು ದಿನ ಮೊದಲೇ ಹಾಕಿಸ್ಕೋಬೇಕು, ಕಾರ್ಡ್ ಇಲ್ದಿದ್ರೆ ವಾಪಸ್ ಬಂದಾಗ ಇಲ್ಲಿ ಕ್ವಾರಂಟೈನ್ ಮಾಡ್ತಾರೆ. ಬೋಂಡಾ ಕೊಟ್ಟವರು ಅದನ್ನ ಹೇಳ್ಲೇ ಇಲ್ಲ. ಕಾಮೆಂಟಲ್ಲಿ ಜಗಳ ಬೇಡ, ಭಾನುವಾರ ಅಕ್ಕನ್ನ ಕರ್ಕೊಂಡು ಊಟಕ್ಕೆ ಬನ್ನಿ.