ಸ್ಪಷ್ಟನೆ: ಬೋಲ್ಟ್ ಗಾರೆ ಸಂದಿಗಲ್ಲ, ಇಟ್ಟಿಗೆಗೆ

ಮಲ್ಲಿಗೆ ಚಪ್ಪರಕ್ಕೆಂದು ಕಾಂಪೌಂಡ್ ಗೋಡೆಗೆ ಮರದ ಕಂಬ ಕೂರಿಸುವ ಬಗ್ಗೆ ನಾನು ಬರೆದ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ‘ಇಟ್ಟಿಗೆ ಸಂದಿನ ಗಾರೆಯಲ್ಲೇ ತೂತು ಕೊರೆಯಿರಿ, ಸುಲಭ’ ಅಂತ ಅದರಲ್ಲಿದೆ. ಅದು ತಪ್ಪು.

ಸುಲಭ ಹೌದು, ಗಟ್ಟಿಯಲ್ಲ. ಕಂಬವನ್ನು ಗೋಡೆಗೆ ಹಿಡಿದಿಡುವ ಆಂಕರ್ ಬೋಲ್ಟ್ ಬಿಗಿ ಮಾಡಿದಾಗ ಉಬ್ಬಿ ತೂತಿನ ಒಳಮೈಯನ್ನು ಒತ್ತಿ ಹಿಡಿಯುತ್ತದೆ. ಹಳೆ ಗಾರೆ ಆ ಒತ್ತಡ ತಡೆಯುವುದಿಲ್ಲ. ನಮ್ಮನೆಯಲ್ಲೇ ನೋಡಿದೆ: ಸ್ಪ್ಯಾನರ್ ತಿರುಗಿಸಿದಷ್ಟೂ ಬೋಲ್ಟ್ ಸುಮ್ನೆ ತಿರುಗುತ್ತಿತ್ತು, ಕೆಳಗೆ ಮರಳು ಉದುರುತ್ತಿತ್ತು.

ಗಟ್ಟಿ ಇಟ್ಟಿಗೆಯ ನಡುವೆ ಕೊರೆಯಿರಿ. ಅಂಚಿಗೆ ಹತ್ತಿರವಾದರೆ ಇಟ್ಟಿಗೆಯೇ ಸೀಳಬಹುದು. ಗೋಡೆಯ ಮೇಲಿನ ಒಂದೆರಡು ಸಾಲು ಬಿಟ್ಟುಬಿಡಿ. ಅಲ್ಲಿ ಮೇಲಿಂದ ಭಾರ ಇರುವುದಿಲ್ಲ, ಇಟ್ಟಿಗೆ ಕಿತ್ತು ಬರಬಹುದು. ಇಟ್ಟಿಗೆ ಮೆತ್ತಗಿದ್ದರೆ ಕೆಮಿಕಲ್ ಆಂಕರ್ ಮೇಲು. ಅಂದರೆ ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್. ಅದು ಉಬ್ಬುವುದಿಲ್ಲ, ಅಂಟಿಕೊಳ್ಳುತ್ತದೆ. ಮೊದಲು ತೂತಿನ ಧೂಳು ಊದಿ ತೆಗೆಯಲೇಬೇಕು. (ಸೈಕಲ್ ಪಂಪ್ ಆಗುತ್ತದೆ. ಕಣ್ಣು ಜೋಪಾನ.)

4.5 ಇಂಚು ದಪ್ಪದ ಗೋಡೆಗೆ ಶೇಡ್ ನೆಟ್ (ಗಿಡಕ್ಕೆ ನೆರಳು ಕೊಡುವ ಬಲೆ) ಕಟ್ಟುವ ಕಂಬ ಬೇಡವೇ ಬೇಡ. ಗಾಳಿ ಬೀಸಿದರೆ ನೆಟ್ ಗೋಡೆಯನ್ನೇ ಜಗ್ಗುತ್ತದೆ. ಕಂಬವನ್ನು ನೆಲದಲ್ಲೇ ನಿಲ್ಲಿಸಿ.

ದಯವಿಟ್ಟು ಹಳೇ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಇದನ್ನೂ ಅದೇ ಗುಂಪಿಗೆ ಹಾಕಿಬಿಡಿ.