ಸ್ಪಷ್ಟನೆ: 1982ರ ಫೈನಲ್ ಗೆದ್ದದ್ದು ಜೋರ್ಡನ್ ಒಬ್ಬರೇ ಅಲ್ಲ

ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ತಂಡಕ್ಕೆ 1982ರ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಟ್ಟ ತಂದದ್ದು ಮೈಕೆಲ್ ಜೋರ್ಡನ್ ಒಬ್ಬರೇ, ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಅವರದ್ದೇ ಅಂತ ಅಭಿಮಾನಿಗಳು ಹಂಚಿಕೊಳ್ಳುತ್ತಿದ್ದಾರೆ. ಇದು ಪೂರ್ತಿ ಸರಿಯಲ್ಲ.

ಜಾರ್ಜ್‌ಟೌನ್ ವಿರುದ್ಧ 63-62ರ ಗೆಲುವಿನಲ್ಲಿ ಕೊನೆಯ ಬ್ಯಾಸ್ಕೆಟ್ ಜೋರ್ಡನ್ ಅವರದ್ದೇ, ನಿಜ. ಆಗ ಅವರಿನ್ನೂ ಮೊದಲ ವರ್ಷದ ಹುಡುಗ. ಆದರೆ ಅವರ ಅಂಕ 16. ಅದೇ ತಂಡದ ಜೇಮ್ಸ್ ವರ್ಥಿ ಅವರದ್ದು 28, ಪ್ರಶಸ್ತಿಯೂ ಅವರಿಗೇ.

ಇನ್ನೊಂದು ವಿಷಯ ಜಾಸ್ತಿ ಜನ ಮರೆತೇಬಿಡುತ್ತಾರೆ. ಜೋರ್ಡನ್ ಶಾಟ್ ಆದಮೇಲೂ ಜಾರ್ಜ್‌ಟೌನ್‌ಗೆ ಅವಕಾಶವಿತ್ತು. ಅವರ ಆಟಗಾರ ಫ್ರೆಡ್ ಬ್ರೌನ್ ತಮ್ಮವರೇ ಅಂದುಕೊಂಡು ಚೆಂಡನ್ನು ನೇರ ವರ್ಥಿ ಕೈಗೆ ಕೊಟ್ಟರು! ಆಮೇಲೆ ಎದುರಾಳಿಯ ಫೌಲ್‌ನಿಂದ ಸಿಕ್ಕ ಎರಡೂ ಫ್ರೀ ಥ್ರೋಗಳನ್ನು ವರ್ಥಿ ತಪ್ಪಿಸಿದರು. ಆದರೂ ಪಂದ್ಯ ಕೈತಪ್ಪಲಿಲ್ಲ. ನಾರ್ತ್ ಕ್ಯಾರೊಲಿನಾ ಕೋಚ್ ಡೀನ್ ಸ್ಮಿತ್ ಅವರಿಗೆ ಅದು ಮೊದಲ ರಾಷ್ಟ್ರೀಯ ಪಟ್ಟ.